ಶುಕ್ರವಾರದ ಆಟ

ಸಲಾಲಾ
22 ಆಗಸ್ಟ್ 2004

ಪ್ರೀತಿಯ ತ್ರಿವೇಣಿಯಕ್ಕನಿಗೆ ರಝಿಯಾಳ ಸಲಾಂ.

ಮಸ್ಕತ್ತಿನ ಗುಬ್ರಾ ಬಿಟ್ಟು ಇವತ್ತಿಗೆ ಒಂದು ತಿಂಗಳು ಐದು ದಿನ. ಅಲ್ಲಿ ನೀವೆಲ್ಲ ಎಸಿ ಬಿಟ್ಟು ಹೊರಗೆ ಕಾಲಿಡದೆ ಕೂತಿರುತ್ತೀರಿ. ಇಲ್ಲಿ ಮೂರು ವಾರದಿಂದ ಬಿಸಿಲೇ ಇಲ್ಲ. ಮಳೆಯೆಂದರೆ ನಮ್ಮ ಉಪ್ಪಿನಂಗಡಿಯ ಮಳೆಯಲ್ಲ, ಜರಡಿಯಲ್ಲಿ ಹಿಡಿದ ಹಾಗೆ ತುಂತುರು. ಬಟ್ಟೆ ಒಣಗುವುದಿಲ್ಲ. ಇವರ ಹೊಸ ಬಟ್ಟೆ ಅಂಗಡಿಗೆ ಮಾತ್ರ ಒಳ್ಳೆಯದಾಗಿದೆ, ಮಸ್ಕತ್ತಿನಿಂದ ಮಳೆ ನೋಡಲು ಬಂದವರೆಲ್ಲ ಶಾಲು ಕೇಳಿಕೊಂಡು ಬರುತ್ತಾರೆ.

ಫೋನ್ ಬಿಟ್ಟು ಪತ್ರ ಯಾಕೆ ಎನ್ನಬೇಡಿ. ಮೊಬೈಲು ಇವರ ಜೇಬಿನಲ್ಲಿ. ಅಂಗಡಿಯ ಫೋನಿನಲ್ಲಿ ಮಾತಾಡಿದರೆ ಹತ್ತು ಜನರ ಕಿವಿ. ನನಗೆ ನಿಮ್ಮೊಬ್ಬರಿಗೇ ಹೇಳಬೇಕಾದ ಒಂದು ಮಾತಿದೆ.

ನನ್ನ ತಮ್ಮ ಅಫ್ವಾನ್ ಅಲ್ಲೇ ಉಳಿದಿದ್ದಾನೆ, ಗೊತ್ತಲ್ಲ. ಅವನು ಕೆಲಸ ಮಾಡುವುದು ಗುಬ್ರಾದ ಪರದೆ ಅಂಗಡಿಯಲ್ಲಾದರೂ ವೀಸಾ ಆ ಅಂಗಡಿಯದ್ದಲ್ಲ. ಅವನಿಗೆ ವೀಸಾ ಕೊಟ್ಟ ಕಫೀಲ ಇಬ್ರಿಯ ಒಬ್ಬ ಒಮಾನಿ, ವೀಸಾ ಇರುವುದು ಅವನ ತೋಟದ ಹೆಸರಿನಲ್ಲಿ. ಕಾಗದದ ಪ್ರಕಾರ ನನ್ನ ತಮ್ಮ ಖರ್ಜೂರದ ಮರಕ್ಕೆ ನೀರು ಬಿಡುವ ಆಳು. ಬೇರೆ ಕಡೆ ದುಡಿಯುವುದು ಗೊತ್ತಾದರೆ ಹಿಡಿದು ಊರಿಗೆ ಕಳಿಸಿಬಿಡುತ್ತಾರೆ. ಅವನಿಗೆ ಜ್ವರವೋ ಮತ್ತೊಂದೋ ಬಂದು ಆಸ್ಪತ್ರೆಗೆ ಸೇರಿಸಬೇಕಾದರೆ ಇದೆಲ್ಲ ಕೇಳುತ್ತಾರೆ, ಆಗ ಯಾರಿಗಾದರೂ ಗೊತ್ತಿರಬೇಕು. ಅದಕ್ಕೇ ಕಫೀಲನ ಹೆಸರು, ಅವನ ಫೋನ್ ನಂಬರು ಎರಡನ್ನೂ ಈ ಪತ್ರದ ಹಿಂದೆ ಬರೆದಿದ್ದೇನೆ. ಗೊತ್ತಿರುವುದು ನಮಗೆ, ಟೈಪಿಂಗ್ ಸೆಂಟರಿನಲ್ಲಿ ಕಾಗದ ಟೈಪ್ ಮಾಡಿಕೊಟ್ಟ ಕಿನ್ನಿಗೋಳಿಯ ಫ್ರೆಡ್ಡಿಗೆ, ಈಗ ನಿಮಗೆ.

ಒಂದೇ ಮಹಡಿಯಲ್ಲಿ ನಾಲ್ಕು ವರ್ಷ ಕಳೆದೆವು. ನನ್ನ ಹೆರಿಗೆಯಲ್ಲಿ ನನ್ನ ಕೈ ಹಿಡಿದುಕೊಂಡವರು ನೀವು. ಅವನನ್ನೂ ಹಾಗೆಯೇ ನೋಡಿಕೊಳ್ಳಿ. ಶುಕ್ರವಾರ ಆಟ ಮುಗಿಸಿ ಬಂದರೆ ನಿಮ್ಮ ಕೈಯ ಒಂದು ರೊಟ್ಟಿ ಕೊಡಿ, ಸಾಕು.

ನಿಮ್ಮ ರಝಿಯಾ


ಅಲ್ ಗುಬ್ರಾ
8 ಅಕ್ಟೋಬರ್ 2004

ಪ್ರೀತಿಯ ರಝಿಯಾ,

ನಿನ್ನ ಪತ್ರ ಬೀರುವಿನಲ್ಲಿ ಸೀರೆಗಳ ಕೆಳಗಿದೆ, ಚಿಂತೆ ಮಾಡಬೇಡ. ನಿನ್ನ ತಮ್ಮ ಒಂದಲ್ಲ, ನಾಲ್ಕು ರೊಟ್ಟಿ ತಿನ್ನುತ್ತಾನೆ, ಮೇಲೆ ಶೇಂಗಾ ಚಟ್ನಿ ಕಟ್ಟಿಸಿಕೊಂಡು ಹೋಗುತ್ತಾನೆ.

ಬಿಸಿಲು ಇಳಿದಿದೆ, ಶುಕ್ರವಾರದ ಫುಟ್ಬಾಲ್ ಆಟ ಶುರುವಾಗಿದೆ. ನೀರಿನ ಪ್ಲಾಂಟಿನ ಹಿಂದಿನ ಆ ಜಲ್ಲಿ ಮೈದಾನಕ್ಕೆ ಈ ಸಲ ಬಿಳಿ ಗೆರೆ ಎಳೆದಿದ್ದಾರೆ. ನಮ್ಮ ಮನೆಯವರು ಈಗ ‘ಗುಬ್ರಾ ಗೆಳೆಯರು’ ತಂಡದ ಅಧ್ಯಕ್ಷರು. ಮನೆಯಲ್ಲಿ ಒಂದು ಬಲ್ಬು ಬದಲಿಸದ ಇಂಜಿನಿಯರು ಮೈದಾನಕ್ಕೆ ಚೂನಾ ಹೊತ್ತು ಹೋಗುವುದನ್ನು ನೀನು ನೋಡಬೇಕಿತ್ತು. ಮಾರ್ಚಿನವರೆಗೆ ಟೂರ್ನಮೆಂಟ್, ರೆಫ್ರಿ ಫ್ರೆಡ್ಡಿಯೇ. ಮೈದುನ ವಿವೇಕನಿಗೂ ಅಫ್ವಾನನಿಗೂ ಎಷ್ಟು ಹೊಂದಾಣಿಕೆಯೆಂದರೆ ಇವನು ಒದೆಯುವ ಮೊದಲೇ ಅವನು ಓಡಿರುತ್ತಾನೆ.

ಒಂದು ತಮಾಷೆ ಹೇಳುತ್ತೇನೆ. ನೀವು ಬಿಟ್ಟ ಫ್ಲಾಟಿಗೆ ಕೊಪ್ಪಳದ ಹನುಮಪ್ಪ, ಮಾಧುರಿ ಎಂಬ ದಂಪತಿ ಬಂದಿದ್ದಾರೆ. ಅವರೂ ಪ್ಲಾಂಟಿನವರೇ. ಹನುಮಪ್ಪನವರು ತಂಡಕ್ಕೆಲ್ಲ ಹೊಸ ಜೆರ್ಸಿ ಮಾಡಿಸಿಕೊಟ್ಟರು. ಹೆಸರಿಗೆ ತಕ್ಕ ಹಾಗೆ ಎದೆಯ ಮೇಲೆ ದೊಡ್ಡ ಹನುಮಂತ! ಎಲ್ಲರೂ ಹಾಕಿಕೊಂಡರು. ಅಫ್ವಾನ್ ಮಡಚಿ ಕೈಯಲ್ಲಿ ಹಿಡಿದು ನಿಂತಿದ್ದ.

“ಅಕ್ಕ, ಇದನ್ನು ಹಾಕಿಕೊಂಡು ನಾನು ನೆಲಕ್ಕೆ ಬೀಳ್ತೇನೆ, ಉರುಳ್ತೇನೆ, ಮೂಗು ಒರೆಸ್ತೇನೆ. ನಿಮ್ಮ ದೇವರಿಗೂ ಅದು ಚಂದ ಅಲ್ಲ, ನನಗೂ ಆಗುದಿಲ್ಲ. ನನಗೆ ಹಳೇದೇ ಸಾಕು” ಎಂದ.

ಹನುಮಪ್ಪನವರು, “ಒಂದ ಟೀಮ್ ಅಂದಮ್ಯಾಲೆ ಒಂದ ಅಂಗಿ. ಬ್ಯಾಡಾದವರು ಬ್ಯಾರೆ ಕಡೆ ಆಡ್ಲಿ ಬಿಡ್ರಿ” ಎಂದರು. ಎಲ್ಲರೂ ನಕ್ಕರು. ಅಫ್ವಾನನೂ ನಕ್ಕ. ವಿವೇಕ ಮಾತ್ರ ಮನೆಗೆ ಬಂದು, “ಅಫ್ವಾನ್ ಇಲ್ಲದ ಟೀಮ್ ಅಂದ್ರ ಉಪ್ಪಿಲ್ಲದ ಸಾರು ವೈನಿ” ಎಂದು ಮುಖ ಊದಿಸಿಕೊಂಡು ಕೂತ. ಮನೆಯವರು ಸರಿಮಾಡುತ್ತಾರೆ. ಒಂದು ಅಂಗಿಯ ವಿಷಯ, ಅದರಲ್ಲೇನು ದೊಡ್ಡದು?

ಪುಟ್ಟಿಗೆ ಮುತ್ತು.

ನಿನ್ನ ತ್ರಿವೇಣಿ


ಸಲಾಲಾ
30 ಅಕ್ಟೋಬರ್ 2004

ಪ್ರೀತಿಯ ತ್ರಿವೇಣಿಯಕ್ಕನಿಗೆ,

ಉಪವಾಸದ ದಿನಗಳು, ಜಾಸ್ತಿ ಬರೆಯಲು ಆಗುತ್ತಿಲ್ಲ. ಜೆರ್ಸಿಯ ವಿಷಯ ಅಫ್ವಾನ್ ನನಗೆ ಹೇಳಿಯೇ ಇಲ್ಲ. ಕೇಳಿದ್ದಕ್ಕೆ, “ಎಂತದೂ ಇಲ್ಲ, ಕಾಲುನೋವು, ಎರಡು ವಾರ ಆಡುದಿಲ್ಲ” ಎಂದ.

ಅವನು ನಕ್ಕ ಎಂದು ಬರೆದಿದ್ದೀರಿ. ಅವನು ನಗುವವನೇ. ಚಿಕ್ಕವನಿದ್ದಾಗ ಮದರಸದಲ್ಲಿ ಪೆಟ್ಟು ತಿಂದು ಬಂದ ದಿನವೂ ನಗುತ್ತಿದ್ದ.

ನಿಮ್ಮ ಯಜಮಾನರು ಸರಿಮಾಡಿದರೋ?

ರಝಿಯಾ


ಅಲ್ ಗುಬ್ರಾ
26 ನವೆಂಬರ್ 2004

ಪ್ರೀತಿಯ ರಝಿಯಾ,

ನಿನಗೆ ಹಬ್ಬದ ಶುಭಾಶಯ ತಡವಾಗಿ ಹೇಳುತ್ತಿದ್ದೇನೆ. ಸಿಟ್ಟಿತ್ತು, ಅದಕ್ಕೇ ತಡ. ನಾಲ್ಕು ವರ್ಷ ನಿನ್ನ ಮನೆಯಿಂದ ಹಬ್ಬದ ದಿನ ಸಿಹಿ ಬರುತ್ತಿತ್ತು. ಈ ಸಲ ಅಫ್ವಾನ್ ಈ ಕಡೆ ತಲೆಯನ್ನೂ ಹಾಕಲಿಲ್ಲ. ಹಬ್ಬದ ಮಾರನೆಯ ದಿನ ಗೊತ್ತಾಯಿತು, ಅವನೂ ನಿಮ್ಮವರು ಒಂಬತ್ತು ಜನರೂ ಬೇರೆಯಾಗಿ ‘ಕರಾವಳಿ ಸ್ಟಾರ್ಸ್’ ಎಂಬ ತಂಡ ಕಟ್ಟಿದ್ದಾರಂತೆ. ಹಸಿರು ಅಂಗಿ. ಅಧ್ಯಕ್ಷರಿಗೆ ಒಂದು ಮಾತು ಹೇಳಿ ಹೋಗಬಹುದಿತ್ತು. ವಿವೇಕ ಎರಡು ದಿನ ಊಟ ಬಿಟ್ಟ. ಮೂರನೆಯ ದಿನ ಹನುಮಂತನ ಅಂಗಿ ಹಾಕಿಕೊಂಡು ಎಲ್ಲರಿಗಿಂತ ಮೊದಲು ಮೈದಾನಕ್ಕೆ ಹೋದ. ಈಗ ಅವನ ಬಾಯಲ್ಲಿ ಅಫ್ವಾನನ ಹೆಸರಿಲ್ಲ. ‘ಅವರು’ ಎನ್ನುತ್ತಾನೆ.

ಜನ ಏನೇನೋ ಮಾತಾಡುತ್ತಾರೆ. ಆಟದ ನೆಪ, ಸೇರುವುದು ಮಸೀದಿಯಲ್ಲಿ ಎನ್ನುತ್ತಾರೆ. ನಾನು ನಂಬುವುದಿಲ್ಲ. ಆದರೆ ಹೀಗೆ ಗುಟ್ಟಾಗಿ ಮಾಡಿದರೆ ಯಾರ ಬಾಯಿ ಕಟ್ಟುವುದು, ನೀನೇ ಹೇಳು.

ತ್ರಿವೇಣಿ


ಸಲಾಲಾ
12 ಡಿಸೆಂಬರ್ 2004

ತ್ರಿವೇಣಿಯಕ್ಕನಿಗೆ,

ಹಬ್ಬದ ದಿನ ಅಫ್ವಾನ್ ನಿಮ್ಮ ಮನೆಗೆ ಬಂದಿದ್ದ. ಕೈಯಲ್ಲಿ ಹಲ್ವದ ಡಬ್ಬಿ ಇತ್ತು. ಬಾಗಿಲ ಹೊರಗೆ ಹನ್ನೆರಡು ಜೊತೆ ಚಪ್ಪಲಿ, ಒಳಗೆ ತಂಡದ ಸಭೆ. ಬೆಲ್ಲಿಗೆ ಕೈ ಇಡುವ ಮೊದಲೇ ಒಳಗಿನ ಮಾತು ಕೇಳಿಸಿತಂತೆ. ಏನು ಮಾತು ಎಂದು ನನಗೆ ಹೇಳಲಿಲ್ಲ. “ಯಾರೂ ನಮ್ಮ ಪರ ಒಂದು ಮಾತು ಆಡಲಿಲ್ಲ, ವಿವೇಕ ಸಹ” ಎಂದಷ್ಟೇ ಹೇಳಿದ. ಡಬ್ಬಿಯನ್ನು ಕೆಳಗೆ ವಾಚ್‌ಮನ್ ಹತ್ತಿರ ಬಿಟ್ಟು ಹೋದನಂತೆ.

ನೀವು ಅಡುಗೆಮನೆಯಲ್ಲಿದ್ದಿರಬೇಕು ಎಂದು ಅವನಿಗೆ ಹೇಳಿದ್ದೇನೆ.

ರಝಿಯಾ


ಅಲ್ ಗುಬ್ರಾ
9 ಜನವರಿ 2005

ರಝಿಯಾ,

ನಿನ್ನ ಪತ್ರಕ್ಕೆ ಉತ್ತರ ಬರೆಯಬೇಕು ಎಂದುಕೊಳ್ಳುತ್ತಲೇ ತಿಂಗಳಾಯಿತು. ಈಗ ಬರೆಯುವುದು ಬೇರೆಯೇ ಆಗಿದೆ.

ಮೊನ್ನೆ ಶುಕ್ರವಾರ ಎರಡೂ ತಂಡದ ಆಟವಿತ್ತು. ಹಿಂದೆಲ್ಲ ಐವತ್ತು ಜನ ಸೇರುತ್ತಿದ್ದ ಜಾಗದಲ್ಲಿ ಮುನ್ನೂರು ಜನ. ಆ ಕಡೆ ನಿಮ್ಮವರು, ಈ ಕಡೆ ನಮ್ಮವರು, ನಡುವೆ ಕಾರುಗಳ ಸಾಲು. ಕೂಗುತ್ತಿದ್ದುದು ಆಟಗಾರರ ಹೆಸರನ್ನಲ್ಲ, ದೇವರ ಹೆಸರನ್ನು. ಎರಡೂ ಕಡೆ.

ವಿವೇಕ ಚೆಂಡು ಒದೆಯುತ್ತ ಓಡುತ್ತಿದ್ದ. ಅಫ್ವಾನ್ ಪಕ್ಕದಿಂದ ಬಂದು ಕಾಲು ಹಾಕಿದ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು ರಝಿಯಾ, ಗೆರೆಯ ಆಚೆ ಕೂತವಳಿಗೆ ಕೇಳಿಸಿತು. ಮೊಣಕಾಲಿನ ಕೆಳಗೆ ಎರಡು ಕಡೆ. ಸ್ಟೀಲ್ ರಾಡು ಹಾಕಿದ್ದಾರೆ. ಫ್ರೆಡ್ಡಿ ತೋರಿಸಿದ್ದು ಬರೀ ಹಳದಿ ಕಾರ್ಡು. ಆಟದಲ್ಲಿ ಇಷ್ಟೆಲ್ಲ ಆಗುತ್ತದೆ ಎಂದ.

ನಿನ್ನ ತಮ್ಮ ಆಸ್ಪತ್ರೆಗೆ ಬಂದು ಒಂದು ಸಲ ಮುಖ ತೋರಿಸಲಿಲ್ಲ. ಅವನಿಗೆ ನಾನು ರೊಟ್ಟಿ ಬಡಿದು ಹಾಕಿದ್ದೆ.

ತ್ರಿವೇಣಿ


ಸಲಾಲಾ
27 ಜನವರಿ 2005

ತ್ರಿವೇಣಿಯಕ್ಕನಿಗೆ,

ವಿವೇಕನ ಸುದ್ದಿ ಓದಿ ಅತ್ತೆ. ಅದು ಬೇಕೆಂದು ಮಾಡಿದ್ದಲ್ಲ, ಆಟದಲ್ಲಿ ಆದದ್ದು. ಅಫ್ವಾನ್ ಆಸ್ಪತ್ರೆಗೂ ಬಂದಿದ್ದ. ಗೇಟಿನಲ್ಲಿ ನಿಮ್ಮ ತಂಡದ ನಾಲ್ಕು ಜನ ನಿಲ್ಲಿಸಿ, “ವಾಪಸ್ ನಡಿ, ಇಲ್ಲಂದ್ರ ಪಕ್ಕದ ಹಾಸಿಗಿ ನಿನಗ” ಎಂದರಂತೆ. ಇದನ್ನೆಲ್ಲ ಬಕ್ರೀದಿನ ಮೊದಲೇ ಬರೆದು ಇಟ್ಟಿದ್ದೆ. ಅಂಚೆಗೆ ಹಾಕುವಷ್ಟರಲ್ಲಿ ಎಲ್ಲ ಮುಗಿದುಹೋಯಿತು.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಲೇಬರ್ ಇನ್‌ಸ್ಪೆಕ್ಟರುಗಳು ಪರದೆ ಅಂಗಡಿಗೆ ಬಂದು ನನ್ನ ತಮ್ಮನನ್ನು ಕರೆದುಕೊಂಡು ಹೋದರು. ಅಂಗಡಿಯಲ್ಲಿ ಆರು ಜನ ಇದ್ದರು. ಬೇರೆ ಯಾರ ಕಾರ್ಡನ್ನೂ ಕೇಳಲಿಲ್ಲ. “ಅಫ್ವಾನ್ ಯಾರು?” ಎಂದೇ ಕೇಳಿದರಂತೆ. ಅವರ ಕೈಯಲ್ಲಿದ್ದ ಕಾಗದದಲ್ಲಿ ಇಬ್ರಿಯ ಕಫೀಲನ ಹೆಸರಿತ್ತು, ಫೋನ್ ನಂಬರ್ ಸಹ ಇತ್ತು. ಕಫೀಲ್ ಹೆದರಿ, ಇವನು ನನ್ನ ತೋಟದಿಂದ ಓಡಿಹೋದವನು ಎಂದು ಹೇಳಿಬಿಟ್ಟ. ಖಲಾಸ್.

ನಮ್ಮನ್ನು, ನಿಮ್ಮನ್ನು ಬಿಟ್ಟರೆ ಇಷ್ಟೆಲ್ಲ ಗೊತ್ತಿದ್ದವನು ಫ್ರೆಡ್ಡಿ ಒಬ್ಬನೇ. ಆ ಕಾಗದ ಅವನ ಕೈಯಿಂದಲೇ ಹೋದದ್ದು. ಹಳದಿ ಕಾರ್ಡು ಕೊಟ್ಟದ್ದಕ್ಕೆ ನಿಮ್ಮ ಕಡೆಯವರು ಬೈದರಲ್ಲ, ಅವರನ್ನು ಸಮಾಧಾನ ಮಾಡಲು ಹೀಗೆ ಮಾಡಿದ್ದಾನೆ. ಅವರ ಜಾತಿಯೇ ಹಾಗೆ ಎಂದು ಇವರು ಹೇಳುತ್ತಾರೆ, ಎಲ್ಲರ ಜೊತೆಯೂ ನಗುತ್ತಾರೆ, ಯಾರವರೂ ಅಲ್ಲ. ನನಗೂ ಈಗ ಹಾಗೆಯೇ ಅನ್ನಿಸುತ್ತದೆ.

ಅಕ್ಕ, ನಮ್ಮ ನಡುವೆ ಏನೇ ಆಗಿರಲಿ. ನೀವು ಅಲ್ಲೇ ಇದ್ದೀರಿ. ಸ್ವಲ್ಪ ವಿಚಾರಿಸಿ ಬರೆಯಿರಿ. ಫ್ರೆಡ್ಡಿ ಹೌದೋ ಅಲ್ಲವೋ, ಒಂದೇ ಮಾತು ಸಾಕು.

ರಝಿಯಾ


ಅಲ್ ಗುಬ್ರಾ
5 ಫೆಬ್ರವರಿ 2005

ಪ್ರೀತಿಯ ರಝಿಯಾ,

ಸುದ್ದಿ ಕೇಳಿ ಏನು ಹೇಳಬೇಕೋ ತಿಳಿಯುತ್ತಿಲ್ಲ. ದೇವರು ದೊಡ್ಡವನು, ಬಿಟ್ಟುಬಿಡಬಹುದು. ಫ್ರೆಡ್ಡಿಯ ವಿಷಯ ನನಗೇನೂ ಗೊತ್ತಿಲ್ಲ. ಈ ಗಂಡಸರ ವ್ಯವಹಾರದಲ್ಲಿ ನಾವು ಹೆಂಗಸರು ಬೀಳದಿರುವುದೇ ಒಳ್ಳೆಯದು.

ವಿವೇಕ ಮನೆಗೆ ಬಂದಿದ್ದಾನೆ. ಕೋಲು ಹಿಡಿದು ನಡೆಯುತ್ತಾನೆ. ಆರೋಗ್ಯ ನೋಡಿಕೋ.

ತ್ರಿವೇಣಿ


ಸಲಾಲಾ
15 ಫೆಬ್ರವರಿ 2005

ತ್ರಿವೇಣಿಯಕ್ಕನಿಗೆ,

ಅಫ್ವಾನನನ್ನು ಹದಿನೇಳು ದಿನ ಇಟ್ಟುಕೊಂಡು ವಿಮಾನ ಹತ್ತಿಸಿದರು. ಇನ್ನು ಈ ದೇಶಕ್ಕೆ ಬರುವ ಹಾಗಿಲ್ಲ. ಉಟ್ಟ ಬಟ್ಟೆಯಲ್ಲಿ ಹೋಗಿದ್ದಾನೆ. ಊರಿನಲ್ಲಿ ಅಮ್ಮನಿಗೆ ಅವನನ್ನು ನೋಡಿ ಸಂತೋಷ, ಪಾಪ, ರಜೆಯಲ್ಲಿ ಬಂದಿದ್ದಾನೆ ಎಂದುಕೊಂಡಿದ್ದಾಳೆ.

ನಿಮ್ಮ ಪತ್ರವನ್ನು ಇವರಿಗೂ ಓದಿ ಹೇಳಿದೆ. ನೀವು ಬಾಯಿ ಬಿಡದಿದ್ದರೂ ನಮಗೆ ಅರ್ಥವಾಯಿತು. ಫ್ರೆಡ್ಡಿ ಅಲ್ಲದಿದ್ದರೆ ಅಲ್ಲ ಎಂದು ನೀವು ಬರೆಯುತ್ತಿದ್ದಿರಿ. ಒಂದೇ ಊರಿನಲ್ಲಿ ಇರಬೇಕಾದವರು, ಹೌದು ಎಂದು ಬರೆಯಲು ನಿಮಗೆ ಕಷ್ಟ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ.

ಇವರು ಗುಬ್ರಾದ ನಮ್ಮ ಹುಡುಗರಿಗೆ ಫೋನ್ ಮಾಡಿ, “ಆ ಫ್ರೆಡ್ಡಿಯನ್ನು ನೋಡಿಕೊಳ್ಳಿ” ಎಂದರು. ನಾನು ಪಕ್ಕದಲ್ಲೇ ಇದ್ದೆ. ಬೇಡ ಎನ್ನಲಿಲ್ಲ.

ನಿಮ್ಮ ರಝಿಯಾ


ಅಲ್ ಗುಬ್ರಾ
27 ಫೆಬ್ರವರಿ 2005

ರಝಿಯಾ,

ಈ ಪತ್ರವನ್ನು ಕೂತು ಓದು. ಪುಟ್ಟಿಯನ್ನು ಆಟಕ್ಕೆ ಬಿಟ್ಟು ಓದು.

ಮೊನ್ನೆ ಶುಕ್ರವಾರ ಆಟ ಮುಗಿಸಿ ಫ್ರೆಡ್ಡಿ ಕಾರಿನ ಬಾಗಿಲು ತೆಗೆಯುತ್ತಿದ್ದಾಗ ಮುಖಕ್ಕೆ ಬಟ್ಟೆ ಸುತ್ತಿಕೊಂಡ ಮೂರು ಜನ ಬಂದರು. ಅವನ ಬಲಗೈಯನ್ನು ಬಾಗಿಲಿನ ಸಂದಿಗೆ ಇಟ್ಟು ಬಾಗಿಲು ಹಾಕಿದರು. ಮೂರು ಬೆರಳು ಮುರಿದಿವೆ. ಟೈಪ್ ಮಾಡುವ ಕೈ. ಪೊಲೀಸರು ಕೇಳಿದ್ದಕ್ಕೆ ಅವನು, ನಾನೇ ಅಜಾಗರೂಕತೆಯಿಂದ ಹಾಕಿಕೊಂಡೆ ಎಂದನಂತೆ.

ನಿನ್ನೆ ಅವನ ಹೆಂಡತಿ ಕ್ಯಾರೋಲಿನ್ ನಮ್ಮ ಮನೆಗೆ ಬಂದಳು. ಕೂರಲಿಲ್ಲ. “ತ್ರಿವೇಣಿ, ರಝಿಯಾ ನಿಮ್ಮ ಮಾತು ಕೇಳ್ತಾಳೆ ಅಲ್ವಾ? ಹದಿನೆಂಟು ವರ್ಷದಿಂದ ಎಷ್ಟೋ ಜನರ ಕಾಗದ ಇವರ ಕೈಯಲ್ಲಿ ಹೋಗಿದೆ. ನನ್ನ ಹತ್ತಿರ ಸಹ ಯಾರದ್ದೂ ಹೇಳಿದವರಲ್ಲ. ಇವರಲ್ಲ ಅಂತ ಒಂದು ಲೈನ್ ಬರೀರಿ ಮಾರಾಯ್ತಿ, ಪುಣ್ಯ ಬರ್ತದೆ” ಎಂದಳು. ನಾನು ಅವಳಿಗೆ ಚಹಾ ಮಾಡಲು ಒಳಗೆ ಹೋದೆ. ಹೊರಗೆ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ಫ್ರೆಡ್ಡಿ ಅಲ್ಲ. ನಾನು.

ವಿವೇಕನನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದಾಗ ಕಾರಿಡಾರಿನಲ್ಲಿ ನಾವೆಲ್ಲ ನಿಂತಿದ್ದೆವು. ನನ್ನ ಸೀರೆಯ ಮೇಲೆ ಅವನ ರಕ್ತವಿತ್ತು. “ಇಬ್ರಿ ತ್ವಾಟಕ್ಕ ನೀರ ಬಿಡಾಕ ಬಂದಾವಗ ಇಷ್ಟ ಸೊಕ್ಕ?” ಎಂದುಬಿಟ್ಟೆ. ಹನುಮಪ್ಪನವರು ತಲೆ ಎತ್ತಿದರು. “ಇಬ್ರಿ? ಇಬ್ರಿ ಯಾಕ್ರೀ ವೈನಿ?” ಎಂದರು. ನಾನು ಹೇಳಿದೆ. ಅಷ್ಟಕ್ಕೇ ನಿಂತಿದ್ದರೆ ಸಿಟ್ಟಿನ ಭರದಲ್ಲಿ ಬಾಯಿ ಜಾರಿತು ಎನ್ನಬಹುದಿತ್ತು. ಮರುದಿನವಲ್ಲ, ವಾರ ಕಳೆದ ಮೇಲೆ ಅವರ ಹೆಂಡತಿ ಮಾಧುರಿ ಬಂದು, “ಆ ಕಫೀಲನ ಹೆಸರೇನೋ ಅಂದಿದ್ರಲ್ಲ?” ಎಂದು ಕೇಳಿದಳು. ನಾನು ಎದ್ದು, ಬೀರು ತೆಗೆದು, ನಿನ್ನ ಪತ್ರವನ್ನು ಅವಳ ಕೈಗೆ ಕೊಟ್ಟೆ. ಅವಳು ಹಿಂದಿನ ಪುಟದಲ್ಲಿದ್ದುದನ್ನು ಬರೆದುಕೊಂಡು ಹೋದಳು. ಯಾಕೆ ಬರೆದುಕೊಳ್ಳುತ್ತಿದ್ದಾಳೆಂದು ನನಗೆ ತಿಳಿಯಲಿಲ್ಲ ಎಂದು ಇಲ್ಲಿ ಬರೆಯಲು ಮೂರು ಸಲ ಪೆನ್ನು ಎತ್ತಿದೆ. ತಿಳಿದಿತ್ತು.

ಹಬ್ಬದ ದಿನ ನಾನು ಅಡುಗೆಮನೆಯಲ್ಲಿ ಇರಲಿಲ್ಲ. ಎಲ್ಲರ ಜೊತೆ ಕೂತಿದ್ದೆ. ನಿಮ್ಮವರ ಬಗ್ಗೆ ಆಡಿದ ಆ ಮಾತು ನನಗೂ ಕೇಳಿಸಿತ್ತು.

ಮನೆಯವರಿಗೆ ಎಲ್ಲವನ್ನೂ ಹೇಳಿದೆ. “ಬರದ್ಯಂದ್ರ ಮನಿಗೆ ನೀನ ಬೆಂಕಿ ಹಚ್ಚಿದಂಗ. ಫ್ರೆಡ್ಡಿ ಬೆರಳು ಕೂಡತಾವ, ಸುಮ್ನಿರು” ಎಂದರು. ಅದಕ್ಕೇ ಈ ಪತ್ರವನ್ನು ನಾನೇ ಪೋಸ್ಟ್ ಆಫೀಸಿಗೆ ನಡೆದುಕೊಂಡು ಹೋಗಿ ಹಾಕುತ್ತಿದ್ದೇನೆ. ಯಾರಿಗೆ ಬೇಕಾದರೂ ತೋರಿಸು. ನನ್ನ ಹೆಸರನ್ನು ಮುಚ್ಚಬೇಡ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ತ್ರಿವೇಣಿ


ಸಲಾಲಾ
8 ಮಾರ್ಚ್ 2005

ತ್ರಿವೇಣಿಯವರಿಗೆ,

ನಿಮ್ಮ ಪತ್ರ ಬಂದ ದಿನ ಯಾರಿಗೂ ಹೇಳಲಿಲ್ಲ. ಅನ್ನ ಬಡಿಸಿದೆ, ಪುಟ್ಟಿಗೆ ತಲೆ ಬಾಚಿದೆ. ಮರುದಿನ ಅದರ ಜೆರಾಕ್ಸ್ ತೆಗೆಸಿ ಬಸ್ಸಿನವರ ಕೈಯಲ್ಲಿ ಫ್ರೆಡ್ಡಿಗೆ ಕಳಿಸಿದೆ. ಅವರು ಅಂಗಡಿಗೆ ಫೋನ್ ಮಾಡಿ, “ಸಿಕ್ಕಿತು ರಝಿಯಾ. ಇಟ್ಟುಕೊಂಡಿರ್ತೇನೆ” ಎಂದರು. ಅವರ ಜಾತಿಯ ಬಗ್ಗೆ ನಾನು ನಿಮಗೆ ಬರೆದದ್ದು ನೆನಪಾಗಿ ರಿಸೀವರ್ ಇಟ್ಟುಬಿಟ್ಟೆ.

ಆಮೇಲೆ ಇವರಿಗೆ ತೋರಿಸಿದೆ. ತೋರಿಸಬಾರದಿತ್ತೋ ಏನೋ. ಆದರೆ ಫ್ರೆಡ್ಡಿಗೆ ಇನ್ನೊಂದು ಪೆಟ್ಟು ಬೀಳುವ ಮೊದಲು ಹುಡುಗರನ್ನು ನಿಲ್ಲಿಸಬೇಕಿತ್ತು. ಇವರು ನಿಲ್ಲಿಸಿದರು. ಯಾರು ಅಲ್ಲ ಎಂದು ಹೇಳಿದ ಮೇಲೆ ಯಾರು ಹೌದು ಎಂದು ಅವರು ಕೇಳಿದರು. ಇವರು ಅದನ್ನೂ ಹೇಳಿದರು. ಹನುಮಪ್ಪನ ಹೆಸರು, ನಿಮ್ಮ ಮನೆ.

ನಾನೂ ನಿಮಗೆ ಒಂದನ್ನು ಮುಚ್ಚಿಟ್ಟಿದ್ದೇನೆ. ಬೇಕೆಂದು ಮಾಡಿದ್ದಲ್ಲ ಎಂದು ಬರೆದೆನಲ್ಲ, ಅದು ಸುಳ್ಳು. ಆಟದ ಮರುದಿನವೇ ಅಫ್ವಾನ್ ನನಗೆ ಹೇಳಿದ್ದ. “ಕಾಲು ಎಳಕೊಳ್ಲಿಕ್ಕೆ ಸಮಯ ಇತ್ತು ಅಕ್ಕ. ಎಳಕೊಳ್ಲಿಲ್ಲ. ಅವನ ಎದೆಯ ಮೇಲಿನ ಅಂಗಿ ಮಾತ್ರ ಕಾಣ್ತಾ ಇತ್ತು, ಅವನು ವಿವೇಕ ಅಂತ ಬಿದ್ದ ಮೇಲೆ ನೆನಪಾಯ್ತು” ಎಂದು ಅತ್ತ. ಅವನು ಅತ್ತದ್ದನ್ನು ನಾನು ಕೇಳಿದ್ದು ಅದೇ ಮೊದಲು. ಈಗ ಅಳುವುದಿಲ್ಲ. ಊರಿನಲ್ಲಿ ನನಗೆ ಗುರುತಿಲ್ಲದವರ ಜೊತೆ ತಿರುಗುತ್ತಾನಂತೆ. ಫೋನಿನಲ್ಲಿ ಅಮ್ಮನ ಆರೋಗ್ಯ ಕೇಳಿದರೆ ಫೋನನ್ನು ಅವಳ ಕೈಗೇ ಕೊಟ್ಟುಬಿಡುತ್ತಾನೆ.

ಮುಖ್ಯವಾದ ಮಾತು ಇದು. ಈ ಶುಕ್ರವಾರ ಫೈನಲ್. ಎರಡೂ ತಂಡ ಗೆದ್ದು ಬಂದಿವೆ. ನಿನ್ನೆ ಇವರು ಫೋನಿನಲ್ಲಿ ಮಾತಾಡುವಾಗ ನಾನು ಬಾಗಿಲ ಹತ್ತಿರ ಇದ್ದೆ. ಆ ಕಡೆಯಿಂದ ಯಾರೋ ಹೇಳಿದ್ದಕ್ಕೆ ಇವರು, “ಆಟಕ್ಕೆ ಅಲ್ಲದಿದ್ದರೆ ಮತ್ತೆ ಎಂತಕ್ಕೆ ಅಷ್ಟು ಜನ?” ಎಂದರು. ಸ್ವಲ್ಪ ಹೊತ್ತು ಕೇಳಿಸಿಕೊಂಡರು. ನನ್ನನ್ನು ಕಂಡು ಫೋನ್ ಇಟ್ಟರು. ನಾನು ಎಷ್ಟು ಕೇಳಿದರೂ ನನ್ನ ಮುಖ ನೋಡುತ್ತಿಲ್ಲ. ಇದು ತನ್ನ ಕೈ ಮೀರಿದೆ ಎಂದಷ್ಟೇ ಹೇಳುತ್ತಾರೆ.

ನಿಮ್ಮ ಮನೆಗೆ ಎರಡು ಸಲ ಫೋನ್ ಮಾಡಿದೆ. ನಿಮ್ಮ ಯಜಮಾನರು ಎತ್ತಿದರು. ನನ್ನ ಹೆಸರು ಕೇಳಿದ ಕೂಡಲೇ ಇಟ್ಟರು. ಅಂಚೆಗೆ ಹಾಕಿದರೆ ಶುಕ್ರವಾರದೊಳಗೆ ತಲುಪುವುದಿಲ್ಲ. ಇದನ್ನು ತರುವವಳು ನಮ್ಮ ಪಕ್ಕದ ಮನೆಯ ಮೈಮುನಾ, ನಾಳೆಯ ಬಸ್ಸಿನಲ್ಲಿ ಮಸ್ಕತ್ತಿಗೆ ಬರುತ್ತಾಳೆ. ಅವಳಿಗೆ ಏನೂ ಗೊತ್ತಿಲ್ಲ, ಅವಳನ್ನು ಏನೂ ಕೇಳಬೇಡಿ.

ಶುಕ್ರವಾರ ನಿಮ್ಮ ಮನೆಯವರು ಯಾರೂ ಮೈದಾನಕ್ಕೆ ಹೋಗಬಾರದು. ವಿವೇಕ ನೋಡಲು ಸಹ ಹೋಗಬಾರದು.

ನಿಮ್ಮನ್ನು ಕ್ಷಮಿಸಿ ಇದನ್ನು ಬರೆಯುತ್ತಿಲ್ಲ.

ರಝಿಯಾ


ಅಲ್ ಗುಬ್ರಾ
12 ಮಾರ್ಚ್ 2005

ರಝಿಯಾ,

ಮೈಮುನಾ ಗುರುವಾರ ಸಂಜೆ ಪತ್ರ ಕೊಟ್ಟಳು. ನಿಂತಲ್ಲೇ ಓದಿ ಮನೆಯವರ ಮುಂದೆ ಹಿಡಿದೆ. ಅವರು ಓದಿ ಮೊದಲು ಮಾಡಿದ ಕೆಲಸವೆಂದರೆ ಎದುರಿನ ಫ್ಲಾಟಿಗೆ ಹೋಗಿ ಹನುಮಪ್ಪನವರನ್ನು ಎಚ್ಚರಿಸಿದ್ದು. ಅವರು ಮನೆಯಲ್ಲೇ ಉಳಿಯುತ್ತಾರೆ ಎಂದುಕೊಂಡರು, ಪಾಪ. ಹನುಮಪ್ಪ, “ಬರ್ಲಿ, ನಾವೇನ್ ಬಳಿ ತೊಟ್ಟೇವೇನು?” ಎಂದು ಆಗಲೇ ಫೋನ್ ಹಿಡಿದು ಕೂತರು. ಕೇಳಿಸಿಕೊಂಡು ಬಂದು ನಾನು ಕ್ಯಾರೋಲಿನ್‌ಗೆ ಫೋನ್ ಮಾಡಿದೆ. ನಿನ್ನ ಪತ್ರದಲ್ಲಿದ್ದುದನ್ನೂ ಇಲ್ಲಿ ನಡೆಯುತ್ತಿರುವುದನ್ನೂ ಹೇಳಿದೆ. ಅವಳು “ಸರಿ” ಎಂದು ಇಟ್ಟಳು.

ಶುಕ್ರವಾರ ಮೂರೂವರೆಗೆ ಮನೆಯವರು ಮೈದುನನ ಕೋಣೆಯಲ್ಲಿದ್ದಾಗ ಹೊರಗಿನಿಂದ ಮನೆಯ ಬಾಗಿಲಿಗೆ ಬೀಗ ಹಾಕಿ ನಾನು ನಡೆದುಕೊಂಡು ಹೋದೆ. ನೀನು ಯಾರೂ ಹೋಗಬಾರದು ಎಂದಿದ್ದೆ. ಆದರೆ ಮನೆಯಲ್ಲಿ ಕೂತು ಆಂಬುಲೆನ್ಸಿನ ಸದ್ದು ಕೇಳಿಸಿಕೊಳ್ಳಲು ನನ್ನಿಂದ ಆಗುತ್ತಿರಲಿಲ್ಲ. ಮನೆಯವರು ಬಾಲ್ಕನಿಯಿಂದ ಕೂಗುತ್ತಿದ್ದರು. ತಿರುಗಿ ನೋಡಲಿಲ್ಲ.

ಮೈದಾನದಲ್ಲಿ ಚೆಂಡು ಇರಲಿಲ್ಲ. ಅಂಗಿ ಹಾಕಿಕೊಂಡವರು ಹತ್ತಿಪ್ಪತ್ತು ಜನ, ಉಳಿದವರೆಲ್ಲ ಬರೀ ಬಂದವರು. ಕಾರಿನ ಡಿಕ್ಕಿಗಳು ತೆರೆದಿದ್ದವು. ಒಳಗೆ ಏನಿತ್ತೆಂದು ನೋಡಿದೆ, ಕಬ್ಬಿಣದ ಪೈಪು. ಎರಡೂ ಕಡೆ ಒಂದೇ ಅಳತೆಯ ಪೈಪು ರಝಿಯಾ, ಒಂದೇ ಅಂಗಡಿಯಿಂದ ತಂದ ಹಾಗೆ. ಯಾರೂ ಕೂಗುತ್ತಿರಲಿಲ್ಲ. ಜನವರಿಯ ಆ ಕೂಗಾಟವೇ ಮೇಲಿತ್ತು ಅನ್ನಿಸಿತು.

ನಾಲ್ಕು ಗಂಟೆಗೆ ಫ್ರೆಡ್ಡಿ ಬಂದ. ಕಾರು ಓಡಿಸಿದ್ದು ಕ್ಯಾರೋಲಿನ್. ಅವನ ಕೈಗೆ ಬ್ಯಾಂಡೇಜು, ಮೈಮೇಲೆ ರೆಫ್ರಿಯ ಕಪ್ಪು ಅಂಗಿ. ನಡುಗೆರೆಗೆ ಹೋಗಿ ನಿಂತು ಸೀಟಿ ಊದಿದ. ಎಡಗೈಯಲ್ಲಿ ಕಾಗದ ಬಿಡಿಸಿ ಓದತೊಡಗಿದ. ಅದು ನಾನು ನಿನಗೆ ಬರೆದ ಪತ್ರ. ಮೊದಲಿನಿಂದ ಕೊನೆಯವರೆಗೆ, ಒಂದಕ್ಷರ ಬಿಡದೆ, ನನ್ನ ಹೆಸರಿನವರೆಗೂ ಓದಿದ. ‘ತಿಳಿದಿತ್ತು’ ಎನ್ನುವಲ್ಲಿಗೆ ಬಂದಾಗ ಎಷ್ಟೋ ಜನ ತಿರುಗಿ ನನ್ನನ್ನು ನೋಡಿದರು. ಮಾಧುರಿಯೂ ನೋಡಿದಳು. ನಾನು ಅಲ್ಲೇ ನಿಂತಿದ್ದೆ.

ಕಾಗದ ಮಡಚಿ ಜೇಬಿಗಿಟ್ಟು ಅವನು ಹೇಳಿದ: “ಇದರಲ್ಲಿ ನನ್ನ ಕೈ ಮುರಿದವರ ಹೆಸರಿಲ್ಲ. ನನಗೆ ಗೊತ್ತುಂಟು. ಪೊಲೀಸರಿಗೆ ಹೇಳಲಿಲ್ಲ. ಹದಿನೆಂಟು ವರ್ಷ ಯಾರದ್ದೂ ಯಾರಿಗೂ ಹೇಳಲಿಲ್ಲ. ಇಲ್ಲಿ ನಿಂತವರಲ್ಲಿ ಯಾರ ವೀಸಾ ಎಲ್ಲಿಯದ್ದು, ಯಾರ ಸರ್ಟಿಫಿಕೇಟ್ ಎಂತದ್ದು, ಯಾರ ತಮ್ಮ ಯಾರ ಕಾರ್ಡಿನಲ್ಲಿ ಕೆಲಸ ಮಾಡ್ತಾನೆ, ನನಗೆ ಕಂಠಪಾಠ. ಆ ಕಡೆಯದ್ದೂ ಈ ಕಡೆಯದ್ದೂ. ನಾನು ಹೇಳದೆಯೇ ನನ್ನ ಕೈ ಮುರಿದಿರಿ. ಇವತ್ತು ಒಂದು ಕಲ್ಲು ಎದ್ದರೆ ನಾಳೆ ಬೆಳಿಗ್ಗೆ ಹೋಗಿ ಎಲ್ಲ ಹೇಳ್ತೇನೆ. ಯಲ್ಲಾ, ಮನೆಗೆ ಹೋಗಿ.”

ಕೂಗಿ ಹೇಳಲಿಲ್ಲ. ಹಿಂದೆ ನಿಂತವರಿಗೆ ಮುಂದಿನವರು ಹೇಳಿದರು. ಮೊದಲು ಒಂದು ಡಿಕ್ಕಿ ಮುಚ್ಚಿದ ಸದ್ದು, ಆಮೇಲೆ ಇನ್ನೊಂದು. ಹನುಮಪ್ಪನವರು ನನ್ನ ಪಕ್ಕದಿಂದಲೇ ಹೋದರು, ಮುಖ ಬಿಳುಚಿಕೊಂಡಿತ್ತು. ಅವರ ಯಾವ ಕಾಗದ ಫ್ರೆಡ್ಡಿಯ ಕೈಯಲ್ಲಿ ಹೋಗಿದೆಯೋ ನನಗೆ ಗೊತ್ತಿಲ್ಲ. ಅರ್ಧ ಗಂಟೆಯಲ್ಲಿ ಮೈದಾನ ಖಾಲಿ. ನಾನು ಕ್ಯಾರೋಲಿನ್ ಹತ್ತಿರ ಹೋದೆ. ಅವಳು ಕಾರಿನ ಗಾಜು ಏರಿಸಿದಳು.

ಯಾರಿಗೂ ಪೆಟ್ಟಾಗಿಲ್ಲ. ಅದನ್ನು ನಿನಗೆ ತಿಳಿಸಬೇಕೆಂದು ಬರೆಯುತ್ತಿದ್ದೇನೆ. ನಿನ್ನ ಪತ್ರ ಬಾರದಿದ್ದರೆ ಏನಾಗುತ್ತಿತ್ತೋ. ಮನೆಯವರು ಇಲ್ಲಿಂದ ವರ್ಗಕ್ಕೆ ಅರ್ಜಿ ಹಾಕಿದ್ದಾರೆ. ನನ್ನ ಹತ್ತಿರ ಮಾತಾಡುವುದಿಲ್ಲ. ಅಫ್ವಾನ್ ಹೇಳಿದ್ದನ್ನು ವಿವೇಕನಿಗೆ ಓದಿ ಹೇಳಿದೆ. ಕೇಳಿಸಿಕೊಂಡು ಗೋಡೆಯ ಕಡೆ ತಿರುಗಿದ.

ಇವತ್ತು ಬೆಳಿಗ್ಗೆ ತರಕಾರಿಗೆ ಹೋಗಿದ್ದೆ. ಫ್ರೆಡ್ಡಿ ರಸ್ತೆಯಲ್ಲಿ ನಡೆದು ಬರುತ್ತಿದ್ದ. ನಿಮ್ಮವರು ಮೂರು ಜನ ಅಂಗಡಿಯಿಂದ ಎದ್ದು ಬಂದು ಸಲಾಂ ಹೇಳಿದರು. ನಮ್ಮವರಿಬ್ಬರು ಕಾರು ನಿಲ್ಲಿಸಿ ನಮಸ್ಕಾರ ಮಾಡಿದರು. ಇಷ್ಟು ವರ್ಷ ಅವನ ಹೆಗಲ ಮೇಲೆ ಕೈ ಹಾಕಿ ಮಾತಾಡುತ್ತಿದ್ದವರು ಅವರೆಲ್ಲ. ಫ್ರೆಡ್ಡಿ ಯಾರಿಗೂ ಉತ್ತರ ಕೊಡದೆ ಹೋದ. ಅವನು ತಿರುವು ದಾಟುವವರೆಗೂ ಯಾರೂ ಅಲ್ಲಾಡಲಿಲ್ಲ.

ತ್ರಿವೇಣಿ